ಹನ್ನೆರಡು ಅಮಾವಾಸ್ಯೆ

ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂ ಬಸ್ ನಿಲ್ದಾಣದ ಎದುರಿಗಿರುವ ನಮ್ಮ ಖಾನಾವಳಿಯ ಬೋರ್ಡಿನ ಮೇಲೆ ದೇವರ ಹೆಸರಿದೆ. ಆ ಹೆಸರಿನಿಂದ ಅದನ್ನು ಕರೆದವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಎಲ್ಲರ ಬಾಯಲ್ಲೂ ಅದು ಗಂಗವ್ವನ ಖಾನಾವಳಿ. ಗಂಗವ್ವ ಅಂದರೆ ಗಂಗಾಂಬಿಕಾ, ಅಂದರೆ ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಕಾಲುವೆ ಆಫೀಸಿನ ಸಾಹೇಬರಿಂದ ಹಿಡಿದು ಸಂಡೂರಿನ ಅದಿರು ಲಾರಿಯವರ ತನಕ, ಒಮ್ಮೆ ನನ್ನ ಜೋಳದ ರೊಟ್ಟಿ ತಿಂದವರು ಬೇರೆ ಕಡೆ ತಿನ್ನುವಾಗ ಮುಖ ಸಿಂಡರಿಸಿದರೆ ಅದರಲ್ಲಿ ನನ್ನ ತಪ್ಪೇನಿದೆ?

ನನ್ನ ಮದುವೆ ಆದದ್ದೂ ರೊಟ್ಟಿಯಿಂದಲೇ. ನಮ್ಮೂರು ಮಲಪನಗುಡಿಗೆ ಹೆಣ್ಣು ನೋಡಲು ಬಂದ ಅತ್ತೆ ಚೆನ್ನಬಸಮ್ಮ ನನಗೆ ಹಾಡು ಬರುತ್ತದೆಯೋ ಕಸೂತಿ ಬರುತ್ತದೆಯೋ ಎಂದು ಕೇಳಲಿಲ್ಲ. ಸೀದಾ ಅಡುಗೆಮನೆಗೆ ನಡೆದು ನನ್ನನ್ನು ಹಂಚಿನ ಮುಂದೆ ಕೂರಿಸಿದರು. ನಮ್ಮಪ್ಪ ಸುಳ್ಳು ಹೇಳಿ ಮದುವೆ ಮಾಡುವ ಜಾತಿಯವನಲ್ಲ. ಹುಡುಗಿಗೆ ಹದಿನಾರನೇ ವಯಸ್ಸಿನಿಂದ ಆಗಾಗ ಮೂರ್ಛೆ ಬರುತ್ತದೆ ಎಂದು ಎಲ್ಲರೆದುರೇ ಹೇಳಿಬಿಟ್ಟ. ಅತ್ತೆ ಎರಡನೆಯ ರೊಟ್ಟಿ ಮುರಿಯುತ್ತಿದ್ದರು. ಬಂದರೆ ಬರಲಿ, ಇಂಥ ರೊಟ್ಟಿ ಬಡಿಯುವವಳು ಎಲ್ಲಿ ಸಿಗುತ್ತಾಳೆ ಎಂದು ಅಲ್ಲಿಯೇ ಮಾತು ಮುಗಿಸಿದರು. ಹಾಗೆ ನಾನು ಶಂಭುಲಿಂಗ ಎಂಬ ಮಾತು ಕಡಿಮೆಯ ಮನುಷ್ಯನ ಹೆಂಡತಿಯಾಗಿ ಡ್ಯಾಮಿಗೆ ಬಂದೆ. ಹದಿನಾರು ವರ್ಷವಾಯಿತು.

ಮೊದಲ ಹತ್ತು ವರ್ಷ ಮೂರ್ಛೆಗೆ ವಿಭೂತಿ, ತಾಯಿತ, ಯಾರೋ ಹೇಳಿದ ಬೇರು, ಇನ್ಯಾರೋ ಹೇಳಿದ ಹರಕೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿಗೆ ನಮ್ಮ ಕಡೆ ಏನೂ ಬರವಿಲ್ಲ. ಹೊಸಪೇಟೆ ಮಾರ್ಕೆಟ್ಟಿನಲ್ಲಿ ಬಿದ್ದೆ ಅಂದರೆ, ಎಚ್ಚರವಾಗುವಷ್ಟರಲ್ಲಿ ಮೂಗಿನ ಹತ್ತಿರ ಯಾರದೋ ಚಪ್ಪಲಿ, ಮುಷ್ಟಿಯಲ್ಲಿ ಯಾರದೋ ಬೀಗದ ಕೈ. ಕೈಯಲ್ಲಿ ಕಬ್ಬಿಣ ಒತ್ತಿದರೆ ಮೂರ್ಛೆ ಇಳಿಯುತ್ತದಂತೆ. ಒಂದು ಸಲ ಯಾರದೋ ಬೈಕಿನ ಕೀಲಿಯನ್ನು ಹಿಡಿದುಕೊಂಡೇ ಮನೆಗೆ ಬಂದಿದ್ದೆ. ಪಾಪ, ಆ ಪುಣ್ಯಾತ್ಮ ಗಾಡಿಯನ್ನು ತಳ್ಳಿಕೊಂಡು ಹೋದನಂತೆ.

ಆಮೇಲೆ ಹೊಸಪೇಟೆಯ ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಶುರುವಾಯಿತು. ಬೆಳಿಗ್ಗೆ ಒಂದು, ಸಂಜೆ ಒಂದು. ವಾರಕ್ಕೊಮ್ಮೆ ಬರುತ್ತಿದ್ದ ಮೂರ್ಛೆ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಎನ್ನುವಷ್ಟಕ್ಕೆ ಇಳಿಯಿತು. ಆದರೆ ಪೂರ್ತಿ ಹೋಗಲಿಲ್ಲ. ಮೂರು ವರ್ಷದ ಹಿಂದೆ ಒಂದು ಅಮಾವಾಸ್ಯೆಯ ಸಂಜೆ, ಒಲೆಯ ಪೂಜೆ ಮುಗಿಸಿ ಮೊದಲ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಾಗ ನಾನು ಹಂಚಿನ ಮೇಲೆಯೇ ಬಿದ್ದೆ. ಎಡಗೈ ಮೊಣಕೈಯಿಂದ ಮಣಿಕಟ್ಟಿನ ತನಕ ಸುಟ್ಟಿತು. ಗಿರಾಕಿಗಳಿಗೆ ಗಂಡ ಕಾದ ಎಣ್ಣೆ ಬಿತ್ತು ಎಂದು ಹೇಳಿದ. ಖಾನಾವಳಿಯ ಒಡತಿಗೆ ಮೂರ್ಛೆ ರೋಗ ಎಂದು ತಿಳಿದರೆ ಜನ ಉಣ್ಣಲು ಬರುವುದಿಲ್ಲ ಎಂಬ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು, ನನಗೂ ಇತ್ತು.

ಗಾಯ ಮಾಯುವ ಮೊದಲೇ ತೀರ್ಮಾನ ಆಗಿತ್ತು. ಒಂದು ವರ್ಷ, ಪೂರ್ತಿ ಒಂದು ವರ್ಷ ಮೂರ್ಛೆ ಬರದಿದ್ದರೆ ಮಾತ್ರ ಬೆಂಕಿಯ ಮುಂದೆ ಎಂದು ಡಾಕ್ಟರು ಹೇಳಿದರು. ಗಂಡ ಅದನ್ನೇ ಹಿಡಿದುಕೊಂಡ. ಹಂಚಿನ ಮುಂದಿನ ಮಣೆಯ ಮೇಲೆ ಅರವತ್ತೈದರ ಅತ್ತೆ ಕುಳಿತರು. ನನ್ನನ್ನು ಹಿತ್ತಲ ಬಾಗಿಲ ಹತ್ತಿರ ಬೆಳ್ಳುಳ್ಳಿ ಸುಲಿಯಲು ಕೂರಿಸಿದರು. ನನ್ನ ಹೆಸರಿನ ಖಾನಾವಳಿಯಲ್ಲಿ ನಾನು ಬೆಳ್ಳುಳ್ಳಿ ಸುಲಿಯುತ್ತ ಕುಳಿತೆ. ಅತ್ತೆಯ ರೊಟ್ಟಿ ದಪ್ಪ, ಅಂಚಿನಲ್ಲಿ ಹಸಿ, ಅವರ ಭುಜ ಸಂಜೆಯ ಹೊತ್ತಿಗೆ ಮೇಲೇಳುತ್ತಿರಲಿಲ್ಲ. ಗಿರಾಕಿಗಳು ಏನೂ ಅನ್ನದೆ ಎರಡು ರೊಟ್ಟಿ ತಿನ್ನುವಲ್ಲಿ ಒಂದು ತಿಂದು ಎದ್ದು ಹೋಗುತ್ತಿದ್ದರು. ಆ ಉಳಿದ ರೊಟ್ಟಿ ನೋಡಿ ನನಗೆ ಆದ ಉರಿ ಹಂಚಿನ ಮೇಲೆ ಬಿದ್ದಾಗ ಆದದ್ದಕ್ಕಿಂತ ಹೆಚ್ಚು.

ಒಂದು ವರ್ಷ ಅಂದರೆ ಹನ್ನೆರಡು ತಿಂಗಳು. ನಾನು ಮೂರು ದಾಟಿದರೆ ನಾಲ್ಕಕ್ಕೆ ಬೀಳುತ್ತಿದ್ದೆ. ಒಮ್ಮೆ ಐದು ಮುಟ್ಟಿದೆ. ಮತ್ತೆ ಮೊದಲಿನಿಂದ ಎಣಿಕೆ.

ಆಸ್ಪತ್ರೆಯಲ್ಲಿ ತಿಂಗಳಿಗೊಂದು ಮಂಗಳವಾರ ನಮ್ಮಂಥವರಿಗೆ ಗುಳಿಗೆ ಕೊಡುತ್ತಾರೆ. ಕೊಡುವುದು ಹತ್ತು ಗಂಟೆಗೆ. ಕಂಪ್ಲಿ, ಸಂಡೂರು, ಹಂಪಿ ಕಡೆಯವರೆಲ್ಲ ಮೊದಲ ಬಸ್ಸಿಗೆ ಬಂದು ಎಂಟಕ್ಕೇ ಬೇವಿನ ಮರದ ಕೆಳಗೆ ಸಾಲಾಗಿ ಚಪ್ಪಲಿ ಬಿಟ್ಟು ನೆರಳಲ್ಲಿ ಕುಳಿತಿರುತ್ತಾರೆ. ಮೊದಮೊದಲು ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಸೆರಗು ಹೊದ್ದು, ಯಾರಾದರೂ ಗಿರಾಕಿ ನೋಡಿಬಿಟ್ಟಾರು ಎಂದು ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದೆ.

ಅಲ್ಲಿ ಗಾದಿಲಿಂಗಪ್ಪ ಎಂಬ ಮನುಷ್ಯ ಇದ್ದರು. ಸಂಡೂರು ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದವರು. ಮೂರ್ಛೆ ಬಂದ ಮೇಲೆ ಸ್ಟೇರಿಂಗ್ ಬಿಟ್ಟು ಈಗ ಲಾರಿ ತೂಕದ ಕಾಟಾದಲ್ಲಿ ಚೀಟಿ ಬರೆಯುತ್ತಾರೆ. ವಯಸ್ಸು ಐವತ್ತೈದರ ಆಸುಪಾಸು, ಬಾಯಿ ಮುಚ್ಚುವ ಅಭ್ಯಾಸ ಇಲ್ಲ. ಕಂಪ್ಲಿಯಿಂದ ಬರುವ ಗಾಯತ್ರಿ ಎಂಬ ಕಾಲೇಜು ಹುಡುಗಿ ಅವರ ಶಿಷ್ಯೆ. ಅವಳ ಮುಂದಿನ ಹಲ್ಲು ಅರ್ಧ ಮುರಿದಿದೆ, ಮೂರ್ಛೆ ಬಂದಾಗ ಯಾರೋ ಬಾಯಿಗೆ ಚಮಚ ತುರುಕಿದ್ದರು. ಒಂದು ಮಂಗಳವಾರ ಗಾದಿಲಿಂಗಪ್ಪ ಸಾಲಿನಲ್ಲಿದ್ದವರನ್ನೆಲ್ಲ ನಿಮ್ಮ ಕೈಗೆ ಯಾವ ಯಾವ ಬೀಗದ ಕೈ ಬಂದಿವೆ ಎಂದು ಕೇಳತೊಡಗಿದರು. ಒಬ್ಬರು ಗೋದಾಮಿನದು ಅಂದರು, ಒಬ್ಬರು ಪೊಲೀಸರ ಜೀಪಿನದು ಅಂದರು. ನನಗೆ ತಡೆಯಲಾಗಲಿಲ್ಲ. ಗೋಡೆಯಿಂದ ತಿರುಗಿ ನನ್ನ ಬೈಕಿನ ಕತೆ ಹೇಳಿದೆ. ಇಪ್ಪತ್ತು ಜನ ಒಟ್ಟಿಗೆ ನಕ್ಕರು. ಇಷ್ಟು ವರ್ಷದಲ್ಲಿ ನನ್ನ ಮೂರ್ಛೆಯ ಬಗ್ಗೆ ಯಾರಾದರೂ ನಕ್ಕು ನನಗೂ ನಗು ಬಂದದ್ದು ಅದೇ ಮೊದಲು.

ಅಂದಿನಿಂದ ನಾನೂ ಅವರಲ್ಲಿ ಒಬ್ಬಳಾದೆ. ಗಾಯತ್ರಿ ಫೋನಿನಲ್ಲಿ ಒಂದು ಗುಂಪು ಮಾಡಿದಳು. ಬೆಳಿಗ್ಗೆ ಏಳಕ್ಕೂ ಸಂಜೆ ಏಳಕ್ಕೂ ಸರಿಯಾಗಿ ಗಾದಿಲಿಂಗಪ್ಪನವರ ದನಿ ಬರುತ್ತದೆ: "ಗುಳಗಿ ಆತೇನ್ರಿ?" ಒಬ್ಬೊಬ್ಬರಾಗಿ 'ಆತು' ಎಂದು ಕಳಿಸಬೇಕು. ಕಳಿಸದವರಿಗೆ ಅವರೇ ಫೋನ್ ಮಾಡುತ್ತಾರೆ, ಆ ಮನುಷ್ಯನ ಕೈಯಲ್ಲಿ ಬೈಸಿಕೊಳ್ಳುವುದಕ್ಕಿಂತ ಗುಳಿಗೆ ನುಂಗುವುದು ಸುಲಭ.

ಕಳೆದ ವರ್ಷ ಶಿವರಾತ್ರಿಯ ಜಾಗರಣೆ ಮುಗಿಸಿದ ಮರುದಿನ, ಅಮಾವಾಸ್ಯೆಯಂದು ನಾನು ಮತ್ತೆ ಬಿದ್ದೆ. ನಾಲ್ಕು ತಿಂಗಳ ಎಣಿಕೆ ಮಣ್ಣುಪಾಲಾಯಿತು. ಮುಂದಿನ ಮಂಗಳವಾರ ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನೇ ಕಿತ್ತುಕೊಂಡು ಆಸ್ಪತ್ರೆಗೆ ಹೋದೆ. ಹಿಂದಿನ ವರ್ಷದ್ದೂ ಜೊತೆಗಿತ್ತು. ಬಿದ್ದ ದಿನಕ್ಕೆಲ್ಲ ನಾನು ಕುಂಕುಮದ ಬೊಟ್ಟು ಇಟ್ಟಿದ್ದೆ. ಅವೆಲ್ಲ ಅಮಾವಾಸ್ಯೆಯ ಕರಿ ಚಂದ್ರನ ಮೇಲೆ, ಇಲ್ಲವೇ ಅದರ ಮಗ್ಗುಲಿಗೆ ಇದ್ದವು. ಗಾದಿಲಿಂಗಪ್ಪನವರ ಮುಂದೆ ಅದನ್ನು ಹಾಸಿ, ನಿಮ್ಮ ಗುಳಿಗೆಗೆ ಅಮಾವಾಸ್ಯೆ ಬಗ್ಗುವುದಿಲ್ಲ, ಇದು ಡಾಕ್ಟರ ಕೈ ಮೀರಿದ್ದು, ಇನ್ನು ಬೆಳ್ಳುಳ್ಳಿಯೇ ನನ್ನ ಪಾಲಿಗೆ ಎಂದೆ. ಹೇಳುತ್ತ ನನಗೆ ಅಳು ಬಂತು.

ಅವರು ಕನ್ನಡಕ ಹಾಕಿಕೊಂಡು, ಲಾರಿ ಚೀಟಿ ನೋಡುವ ಹಾಗೆ ಒಂದೊಂದೇ ಬೊಟ್ಟಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಕೇಳಿದರು.

"ತಂಗೆವ್ವ, ಅಮಾಸಿ ದಿನ ಗುಳಗಿ ಎಷ್ಟೊತ್ತಿಗೆ ತಗೊಂತಿ?"

ನನಗೆ ಸಿಟ್ಟು ನೆತ್ತಿಗೇರಿತು. ನಾನು ಒಂದು ದಿನವೂ ಗುಳಿಗೆ ಬಿಟ್ಟವಳಲ್ಲ ಎಂದೆ.

"ಬಿಟ್ಟಿ ಅಂತ ಯಾರಂದ್ರು? ಎಷ್ಟೊತ್ತಿಗೆ ಅಂತ ಕೇಳಿದೆ."

ನಮ್ಮದು ಲಿಂಗವಂತರ ಮನೆ. ಸ್ನಾನ ಮಾಡಿ ಲಿಂಗಪೂಜೆ ಆಗದೆ ಬಾಯಿಗೆ ನೀರೂ ಬೀಳುವುದಿಲ್ಲ. ಬೇರೆ ದಿನ ಆರಕ್ಕೆಲ್ಲ ಪೂಜೆ ಮುಗಿಯುತ್ತದೆ, ಏಳಕ್ಕೆ ಗುಳಿಗೆ. ಅಮಾವಾಸ್ಯೆಗೆ ಮಾತ್ರ ಅತ್ತೆಯ ಮನೆಯ ನಿಯಮವೇ ಬೇರೆ. ಹಗಲಿಡೀ ಖಾನಾವಳಿ ಮುಚ್ಚಿ, ಸಂಜೆ ದೇವರಿಗೂ ಒಲೆಗೂ ಪೂಜೆ ಆಗುವ ತನಕ ಮನೆಯ ಹೆಂಗಸರು ತೊಟ್ಟು ನೀರು ಕುಡಿಯುವಂತಿಲ್ಲ. ನಾನು ಬೆಳಗಿನದನ್ನೂ ಸಂಜೆಯದನ್ನೂ ಪೂಜೆಯಾದ ಮೇಲೆ ಒಟ್ಟಿಗೆ ನುಂಗುತ್ತಿದ್ದೆ. ಗುಂಪಿಗೆ ಬೆಳಿಗ್ಗೆಯೇ 'ಆತು' ಎಂದು ಕಳಿಸಿಬಿಡುತ್ತಿದ್ದೆ, ಹೇಗೂ ಸಂಜೆಗೆ ಆಗುವುದೇ ಅಲ್ಲವೇ ಎಂದು. ದಿನಾ ತಗೊಳ್ತೀರಾ ಎಂದು ಡಾಕ್ಟರು ಕೇಳಿದಾಗ ಹೌದು ಅನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಿರಲಿಲ್ಲ. ದೇವರಿಗಾಗಿ ಬಿಟ್ಟದ್ದು ಬಿಟ್ಟ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ತೋಚಿದ್ದರೆ ತಾನೇ.

ಇದನ್ನು ಹೇಳಿದಾಗ ಗಾದಿಲಿಂಗಪ್ಪ ನಗಲಿಲ್ಲ, ಬೈಯಲೂ ಇಲ್ಲ. ಕ್ಯಾಲೆಂಡರ್ ಮಡಚಿ ನನ್ನ ಕೈಗೆ ಕೊಟ್ಟು, ಇದನ್ನು ಡಾಕ್ಟರ ಮೇಜಿನ ಮೇಲೆ ಹೀಗೆಯೇ ಹಾಸು, ಈಗ ಹೇಳಿದ್ದನ್ನೇ ಹೇಳು ಅಂದರು. ಡಾಕ್ಟರಮ್ಮ ಕ್ಯಾಲೆಂಡರಿನ ಬೊಟ್ಟುಗಳನ್ನು ಒಂದೊಂದಾಗಿ ಎಣಿಸಿದರು. ಗುಳಿಗೆ ಹೊತ್ತು ತಪ್ಪಿದರೆ, ಮೇಲೆ ನಿದ್ದೆಗೆಟ್ಟು ನೀರೂ ಬಿಟ್ಟರೆ ಮೂರ್ಛೆ ಬರುವ ಸಾಧ್ಯತೆ ಹೆಚ್ಚು, ತಪ್ಪಿದ್ದನ್ನು ಹೀಗೆ ಒಟ್ಟಿಗೆ ನುಂಗುವುದೂ ಸರಿಯಲ್ಲ ಎಂದು ಬಿಡಿಸಿ ಹೇಳಿದರು. ಕೊನೆಗೆ, ಈ ಪ್ರಶ್ನೆಯನ್ನು ತಾವೇ ಐದು ವರ್ಷದ ಹಿಂದೆ ಕೇಳಬೇಕಿತ್ತು ಅಂದರು. ಅಷ್ಟು ಓದಿದವರು ಹಾಗೆ ಅಂದದ್ದಕ್ಕೆ ಅವರ ಮೇಲೆ ನನಗೆ ಗೌರವ ಇನ್ನೂ ಹೆಚ್ಚಾಯಿತು.

ಇನ್ನು ಇದನ್ನು ಅತ್ತೆಗೆ ಹೇಳಬೇಕಿತ್ತು. ಅವರ ನಿಯಮದ ವಿರುದ್ಧ ಆ ಮನೆಯಲ್ಲಿ ಯಾರೂ ಬಾಯಿ ತೆರೆದದ್ದಿಲ್ಲ. ನಾನು ಬಾಯಿಬಡಕಿ ಎಂದು ಹೆಸರಾದವಳು, ಮೂರು ದಿನ ಬಾಯಿ ಹೊಲಿದುಕೊಂಡಿದ್ದೆ. ನಾಲ್ಕನೆಯ ದಿನ ಅವರು ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕುಳಿತಿದ್ದಾಗ, ಮುಖ ಕಾಣದು ಎಂಬ ಧೈರ್ಯದಲ್ಲಿ, ಹಿಂದಿನಿಂದ ಎಲ್ಲವನ್ನೂ ಹೇಳಿದೆ.

ಅತ್ತೆ ಎದ್ದು ಕೈಕಾಲು ತೊಳೆದು ದೇವರ ಜಗುಲಿಯ ಮುಂದೆ ಹೋಗಿ ಕುಳಿತರು. ಒಂದು ಗಂಟೆ ಆಗಿರಬಹುದು. ನಾನು ಬೆಳ್ಳುಳ್ಳಿ ಬುಟ್ಟಿ ಹಿಡಿದು ಹಿತ್ತಲಲ್ಲಿ ಕುಳಿತಿದ್ದೆ. ಅವರು ಬಂದು ನನ್ನೆದುರು ನೆಲದ ಮೇಲೆಯೇ ಕುಳಿತು ನನ್ನ ಎಡಗೈ ಎಳೆದುಕೊಂಡರು. ಸುಟ್ಟ ಕಲೆಯ ಮೇಲೆ ಕೈಯಾಡಿಸಿದರು.

"ನಿನ್ನ ಕೆಡವಿದ್ದು ಅಮಾಸಿ ಅಲ್ಲ ಗಂಗವ್ವ. ನಾನು," ಅಂದರು.

ನಾನು ಹಾಗಲ್ಲ ಅತ್ತಿ ಎನ್ನಲು ಹೋದೆ. ಅವರು ಬಿಡಲಿಲ್ಲ.

"ನಡುವ ಬಾಯಿ ಹಾಕಬ್ಯಾಡ. ಲಿಂಗಕ್ಕ ತೋರಿಸಿದ ಮ್ಯಾಲ ಅದು ಪ್ರಸಾದ ಆಗತೈತಿ. ಅನ್ನ ತೋರಸ್ತೀವಿ, ನೀರು ತೋರಸ್ತೀವಿ. ಈ ಗುಳಗಿ ತೋರಸಾಕ ನನಗ ಯಾಕ ಬುದ್ಧಿ ಬರಲಿಲ್ಲ?"

ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂತು ಎಂದು ನನಗೇನೂ ಅನಿಸಲಿಲ್ಲ. ಇಬ್ಬರೂ ಸೇರಿ ಆ ದಿನದ ಬೆಳ್ಳುಳ್ಳಿ ಸುಲಿದು ಮುಗಿಸಿದೆವು.

ಮರುದಿನದಿಂದ ಏಳು ಗಂಟೆಯ ಗುಳಿಗೆ ಅತ್ತೆಯ ಕೆಲಸವಾಯಿತು. ಆ ಹೊತ್ತಿಗೆ ಅವರ ಅಂಗೈಯಲ್ಲಿ ಲಿಂಗ, ಅದರ ಮುಂದೆ ಬಿಲ್ವಪತ್ರೆ, ಪತ್ರೆಯ ಮೇಲೆ ಗುಳಿಗೆ. ಲಿಂಗಕ್ಕೆ ತೋರಿಸಿ ನನಗೆ ಕೊಡುವರು. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಇದು ಅತಿಯಾಯಿತು ಎಂದು ನಾನು ಗೊಣಗಿದರೆ, ಅತಿಯಾದದ್ದು ನಿನ್ನ ಬಾಯಿ ಎಂದು ನನ್ನನ್ನೇ ಸುಮ್ಮನಾಗಿಸುತ್ತಿದ್ದರು. ಅಮಾವಾಸ್ಯೆಯ ಉಪವಾಸ ಉಳಿಯಿತು, ಆದರೆ ಹಾಲು, ಹಣ್ಣು, ನೀರಿಗೆ ಅಪ್ಪಣೆ ಸಿಕ್ಕಿತು.

ಅಷ್ಟಕ್ಕೇ ನಿಲ್ಲುವ ಹೆಂಗಸಲ್ಲ ಅವರು. ಮುಂದಿನ ತಿಂಗಳ ಮಂಗಳವಾರ ಒಳ್ಳೆಯ ಸೀರೆ ಉಟ್ಟು ನನ್ನೊಡನೆ ಆಸ್ಪತ್ರೆಗೆ ಹೊರಟೇಬಿಟ್ಟರು. ಬೇವಿನ ಮರದ ಕೆಳಗೆ ಕುಳಿತು ಬಂದವರನ್ನೆಲ್ಲ ವಿಚಾರಿಸತೊಡಗಿದರು. ಸೋಮವಾರ ಮಾಡ್ತಿಯೇನು, ಗುರುವಾರ ಮಾಡ್ತಿಯೇನು, ರೋಜಾ ಹಿಡಿತಿಯೇನು, ಮಾಲೆ ಹಾಕ್ತಿಯೇನು, ಅವತ್ತು ಗುಳಿಗೆ ಯಾವಾಗ? ಉಪವಾಸದ ಜೊತೆ ಗುಳಿಗೆಯನ್ನೂ ಬಿಡುತ್ತಿದ್ದವರು ಆ ಒಂದೇ ಬೆಳಿಗ್ಗೆ ಐವರು ಸಿಕ್ಕರು. ಐವರನ್ನೂ ಸಾಲು ಮುರಿದು ಡಾಕ್ಟರಮ್ಮನ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು, ಹೊತ್ತು ಹೊಂದಿಸಿ ಬರೆದುಕೊಡಿ ಎಂದು. ಸೊಸೆಯಂದಿರ ಜೊತೆ ಬಂದ ಅತ್ತೆಯರನ್ನು ಪಕ್ಕಕ್ಕೆ ಕರೆದು ಅವರು ಏನು ಹೇಳುತ್ತಿದ್ದರೋ ನನಗೆ ಕೇಳಿಸುತ್ತಿರಲಿಲ್ಲ. ಆದರೆ ಆ ಅತ್ತೆಯರು ತಲೆ ತಗ್ಗಿಸಿ ಕೇಳುತ್ತಿದ್ದರು. ನಮ್ಮ ಅಧ್ಯಕ್ಷರು ಬಂದರು ಎಂದು ಗಾದಿಲಿಂಗಪ್ಪ ಎದ್ದು ನಿಂತು ಕೈಮುಗಿಯುತ್ತಿದ್ದರು.

ಯುಗಾದಿ ಅಮಾವಾಸ್ಯೆ ದಾಟಿತು. ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆ ದಾಟಿದವು. ಹಿಂದೆ ಐದು ತಿಂಗಳಿಗೆ ಮುಗ್ಗರಿಸಿದವಳು ಆರಕ್ಕೆ ಕಾಲಿಟ್ಟೆ. ದೀಪಾವಳಿಯ ಅಮಾವಾಸ್ಯೆಗೆ ಎಂಟು. ಗಂಡ ಏನೂ ಹೇಳದೆ ಮೇಸ್ತ್ರಿಯನ್ನು ಕರೆಸಿ, ನೆಲದ ಒಲೆ ಒಡೆಸಿ, ಸೊಂಟದೆತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿ, ಹಂಚನ್ನು ಅದರ ಹಿಂಬದಿಗೆ ಕೂರಿಸಿದ. ಬಿದ್ದರೂ ಬೆಂಕಿಗೆ ಬೀಳದಂತೆ ಮುಂದೆ ಕಬ್ಬಿಣದ ಸರಳಿನ ಅಡ್ಡ. ಮಾತು ಕಡಿಮೆಯ ಮನುಷ್ಯ ಎಂದು ಹೇಳಿದೆನಲ್ಲ, ಆ ಕಟ್ಟೆಯೇ ಅವನ ಮಾತು.

ಹತ್ತನೆಯದು ಎಳ್ಳಮಾವಾಸ್ಯೆ. ನಮ್ಮ ಕಡೆ ಆ ದಿನ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಮಾಡಿದ ಎಲ್ಲ ಅಡುಗೆಯಿಂದಲೂ ಸ್ವಲ್ಪ ಸ್ವಲ್ಪ ತೆಗೆದು ಹೊಲದ ಸುತ್ತ ಚರಗವೆಂದು ಚೆಲ್ಲಿ, ಆಮೇಲೆ ಅಲ್ಲಿಯೇ ಕುಳಿತು ಉಣ್ಣುವುದು ವಾಡಿಕೆ. ಗಂಡನ ಸೋದರತ್ತೆ ತಾಯಕ್ಕನವರ ಭತ್ತದ ಗದ್ದೆ ಬುಕ್ಕಸಾಗರದಲ್ಲಿದೆ. ಬೆಳಗಿನ ಜಾವವೇ ಹೋಗಿ ಅವರ ಮನೆಯಲ್ಲಿ ಅಡುಗೆಗೆ ಕೈ ಹಚ್ಚಿದ್ದೆವು. ಬೆಂಕಿಯ ಹತ್ತಿರ ಬಿಡದೆ ನನಗೆ ಅಲ್ಲಿಯೂ ಬೆಳ್ಳುಳ್ಳಿಯನ್ನೇ ಕೊಟ್ಟಿದ್ದರು. ಏಳಕ್ಕೆ ಫೋನು ಕೂಗಿತು. ಅತ್ತೆ ಒಲೆಯ ಮುಂದಿದ್ದರು, ನಾನೇ ಎದ್ದು ಗುಳಿಗೆ ತೆಗೆದು, ಕೊಡದಿಂದ ಒಂದು ಲೋಟ ನೀರು ಬಗ್ಗಿಸಿಕೊಂಡೆ.

ತಾಯಕ್ಕ ನೋಡಿದರು. ಅವರಿಗೆ ಎಪ್ಪತ್ತೈದು, ಆ ಮನೆತನದಲ್ಲಿ ಎಲ್ಲರಿಗಿಂತ ಹಿರಿಯರು. ನಮ್ಮ ಅತ್ತೆಯೂ ಅವರೆದುರು ದನಿ ತಗ್ಗಿಸುತ್ತಾರೆ. ಚರಗ ಚೆಲ್ಲುವ ಮೊದಲು ಈ ಮನೆಯ ಹೆಂಗಸು ಬಾಯಿಗೆ ಏನಾದರೂ ಹಾಕಿದ್ದುಂಟೇ, ಪೈರಿಗೆ ಏನಾದರೂ ಆದರೆ ಯಾರು ಹೊಣೆ, ಹೊಲದಿಂದ ಬಂದ ಮೇಲೆ ನುಂಗಿದರೆ ಅದೇನು ಓಡಿ ಹೋಗುತ್ತದೆಯೇ ಎಂದು ತುಂಬಿದ ಪಡಸಾಲೆಯಲ್ಲಿ ಕೇಳಿದರು. ಹತ್ತು ಹದಿನೈದು ಮಂದಿ ಬೀಗರು ನೆಂಟರು ನನ್ನನ್ನೇ ನೋಡಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು.

ಬಸ್ ನಿಲ್ದಾಣದ ಕುಡುಕರನ್ನು ಒಂದು ಮಾತಿಗೆ ಎಬ್ಬಿಸಿ ಕಳಿಸುವ ನನಗೆ ಆ ಹೊತ್ತು ನಾಚಿಕೆಯಾಯಿತು. ಹತ್ತು ತಿಂಗಳು ಕಾಪಾಡಿಕೊಂಡು ಬಂದದ್ದು ಕಣ್ಣೆದುರಿಗೇ ಇದೆ, ಆದರೂ ಲೋಟ ಕೆಳಗಿಟ್ಟೆ. ಗುಳಿಗೆ ಅಂಗೈಯಲ್ಲಿ ಬೆವರಿಗೆ ಕರಗತೊಡಗಿತು. ಅಷ್ಟರಲ್ಲಿ ಸೊಂಟದಲ್ಲಿದ್ದ ಫೋನಿನಿಂದ ಗಾದಿಲಿಂಗಪ್ಪನವರ ದನಿ ಬಂತು, ಎಲ್ಲರದೂ ಆತು, ಗಂಗವ್ವಂದೊಂದು ಬಂದಿಲ್ಲ, ಏನಾತು?

ಅಡುಗೆಮನೆಯಿಂದ ಅತ್ತೆ ಹೊರಗೆ ಬಂದರು. ನನ್ನ ಕೈ ನೋಡಿದರು, ಕೆಳಗಿಟ್ಟ ಲೋಟ ನೋಡಿದರು. ಸೆರಗಿನ ಗಂಟು ಬಿಚ್ಚಿದರು. ಅದರೊಳಗೆ ಚೀಟಿಯಲ್ಲಿ ಸುತ್ತಿದ ಬೇರೆ ಗುಳಿಗೆ ಇತ್ತು. ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಗುಳಿಗೆಯನ್ನು ಅದರ ಮುಂದೆ ಹಿಡಿದು ಕಣ್ಣು ಮುಚ್ಚಿದರು. ಲಿಂಗಪೂಜೆಯ ನಡುವೆ ಮಾತಾಡುವುದು ತಾಯಕ್ಕನವರಿಗೂ ಆಗದ ಕೆಲಸ.

ಕಣ್ಣು ತೆರೆದು ಅತ್ತೆ ಹೇಳಿದರು: "ಯಕ್ಕಾರ, ಇದು ಪ್ರಸಾದ. ಪ್ರಸಾದಕ್ಕ ಉಪಾಸ ಮುರಿಯಂಗಿಲ್ಲ. ನಿಮ್ಮ ಪೈರಿಗೆ ಏನರ ಆದ್ರ ನನ್ನ ಹೆಸರು ಹೇಳ್ರಿ. ನನ್ನ ಸೊಸಿಗೆ ಏನರ ಆದ್ರ ನಾನು ಯಾರ ಹೆಸರು ಹೇಳ್ಲಿ?"

ಆಮೇಲೆ ನನ್ನ ಕಡೆ ತಿರುಗಿ ಬಾಯಿ ತೆಗಿ ಅಂದರು. ನುಂಗಿದೆ. ಲೋಟದ ನೀರನ್ನು ಪೂರ್ತಿ ಕುಡಿಸಿದರು. ತಾಯಕ್ಕ ಬಂಡಿ ಕಟ್ಟಲು ಹೇಳಿದರು. ಹೊಲದಲ್ಲಿ ನನ್ನ ಪಕ್ಕವೇ ಕುಳಿತು ಉಂಡರು, ಸಜ್ಜೆ ರೊಟ್ಟಿಗೆ ಬೆಣ್ಣೆ ಹಾಕಿಕೊಳ್ಳಲು ಒತ್ತಾಯವನ್ನೂ ಮಾಡಿದರು. ಆ ಸುಗ್ಗಿಯಲ್ಲಿ ಅವರ ಗದ್ದೆ ಎಂದಿನಂತೆಯೇ ಬೆಳೆಯಿತು ಎಂದು ಇಲ್ಲಿ ಹೇಳಿಬಿಡುತ್ತೇನೆ.

ಹನ್ನೊಂದು ದಾಟಿತು. ಶಿವರಾತ್ರಿ ಬಂತು. ಈ ಸಲ ನನಗೆ ಜಾಗರಣೆ ಇಲ್ಲ, ಒಂಬತ್ತಕ್ಕೆಲ್ಲ ಮಲಗಿಸಿದರು. ನನ್ನ ಪಾಲಿನ ಜಾಗರಣೆಯನ್ನೂ ಅತ್ತೆಯೇ ಮಾಡಿದರಂತೆ.

ಹನ್ನೆರಡನೆಯ ಅಮಾವಾಸ್ಯೆ ಮಂಗಳವಾರ ಬಿತ್ತು. ಮಂಗಳವಾರದ ಅಮಾವಾಸ್ಯೆ ಅಂದರೆ ನಮ್ಮ ಕಡೆ ಜನ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಅದೇ ದಿನ ಆಸ್ಪತ್ರೆಯ ಸಾಲೂ ಇತ್ತು. ಡಾಕ್ಟರಮ್ಮ ಕ್ಯಾಲೆಂಡರ್ ಮಗುಚಿ ಮಗುಚಿ ನೋಡಿದರು. ಹೋದ ವರ್ಷದ ಶಿವರಾತ್ರಿಯ ಆಚೆಗೆ ಒಂದೂ ಕುಂಕುಮದ ಬೊಟ್ಟಿಲ್ಲ. ಗುಳಿಗೆ ನಿಲ್ಲಿಸುವಂತಿಲ್ಲ, ಒಲೆಯ ಹತ್ತಿರ ಒಬ್ಬಳೇ ಇರುವಂತಿಲ್ಲ ಎಂದು ಎರಡು ಮಾತು ಹೇಳಿ, ಹೋಗಿ ರೊಟ್ಟಿ ಮಾಡಿ ಅಂದರು. ನಾಳೆಯಿಂದ ಕೂತರಾಯಿತು, ಇವತ್ತು ದಿನ ಚೆನ್ನಾಗಿಲ್ಲ ಎಂದು ಗಂಡ ಅಂಜುತ್ತ ಹೇಳಿದ. ಅತ್ತೆ ಅವನನ್ನು ನೋಡಿದ ರೀತಿಗೆ ಅವನು ಸೌದೆ ತರಲು ಹೋದ.

ಸಂಜೆ ಒಲೆಯ ಪೂಜೆ ಆಯಿತು. ಸಾಲಿನವರು ಹನ್ನೊಂದು ಮಂದಿ ಬಸ್ಸು ತಪ್ಪಿಸಿಕೊಂಡು ಉಳಿದಿದ್ದರು, ಗಾದಿಲಿಂಗಪ್ಪ, ಗಾಯತ್ರಿ ಎಲ್ಲ. ಕಾಲುವೆ ಆಫೀಸಿನವರು, ಲಾರಿಯವರು ಬಂದು ಕುಳಿತರು. ಎಲ್ಲ ಬೆಂಚೂ ತುಂಬಿತು. ನಾನು ಕಟ್ಟೆಯ ಮುಂದೆ ಹೋಗಿ ನಿಂತೆ. ಹಿಟ್ಟಿಗೆ ಬಿಸಿನೀರು ಹಾಕಿ, ಎದ್ದ ವಾಸನೆ ಎಳೆದುಕೊಳ್ಳುತ್ತ ನಾದಿದೆ. ಮೂರು ವರ್ಷ ಆಗಿತ್ತು. ಕೈ ಮರೆತಿದ್ದರೆ ಎಂಬ ಹೆದರಿಕೆ ಇತ್ತು. ಕೈ ಏನೂ ಮರೆತಿರಲಿಲ್ಲ. ಮೊದಲ ರೊಟ್ಟಿ ಹಂಚಿನ ಮೇಲೆ ಅಂಚಿನಿಂದ ಅಂಚಿಗೆ ಉಬ್ಬಿತು.

ನಾಲ್ಕು ರೊಟ್ಟಿ ಆಗಿರಬೇಕು, ಏಳಕ್ಕೆ ಸಂಜೆಯ ಗುಳಿಗೆಗೆಂದು ಫೋನು ಕೂಗಿತು. ಹಳೆಯ ಅಭ್ಯಾಸ, ನಾನು ಗಾಬರಿಯಿಂದ ಹಿತ್ತಲ ಕಡೆ ನೋಡಿದೆ. ಇಷ್ಟು ವರ್ಷ ಗ್ರಾಹಕರಿಗೆ ಕಾಣದಂತೆ ಅಲ್ಲಿ ಹೋಗಿಯೇ ನುಂಗುತ್ತಿದ್ದೆ. ಕೈಗಳಿಗೆ ಮೊಣಕೈ ತನಕ ಹಿಟ್ಟು. ಅತ್ತೆ ಜಗುಲಿಯಿಂದ ಗುಳಿಗೆ ಹಿಡಿದು ಬಂದರು, ಹಿತ್ತಲಿಗೆ ಹೋಗಲಿಲ್ಲ. ಖಾನಾವಳಿಯ ನಡುವೆ ನಿಂತು, ಉಣ್ಣುತ್ತಿದ್ದವರ ಕಡೆ ತಿರುಗಿದರು.

"ಕೇಳ್ರಿ ಎಲ್ಲಾರೂ. ಈಕಿಗೆ ಮೂರ್ಛೆ ಬ್ಯಾನಿ ಐತಿ. ಅವತ್ತು ಬಿದ್ದಿದ್ದು ಎಣ್ಣಿ ಅಲ್ಲ, ಈಕೀನ ಹಂಚಿನ ಮ್ಯಾಲ ಬಿದ್ದಿದ್ಲು. ಗುಳಗಿ ತಗೊಂತಾಳ, ರೊಟ್ಟಿ ಬಡಿತಾಳ. ಈ ಕೈ ರೊಟ್ಟಿ ಬ್ಯಾಡ ಅನ್ನಾರು ಈಗ ಎದ್ದು ಹೋಗಬೌದು."

ಗಂಡ ಸೌದೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕಾಲುವೆ ಆಫೀಸಿನ ಅಂದಾನಪ್ಪ ಸಾಹೇಬರು, ಮೂರು ವರ್ಷದಿಂದ ಒಂದೇ ರೊಟ್ಟಿ ತಿಂದು ಏಳುತ್ತಿದ್ದವರು, ಎಂಜಲು ಕೈಯಲ್ಲೇ ತಾಟು ಮುಂದೆ ಸರಿಸಿದರು.

"ನನಗ ಇನ್ನೆರಡು ಹಾಕಿಸ್ರಿ ಅಮ್ಮಾರ," ಅಂದರು.

ಬೆಂಚುಗಳಿಂದ ಒಬ್ಬರೂ ಏಳಲಿಲ್ಲ. ಅತ್ತೆ ನನ್ನ ಹತ್ತಿರ ಬಂದು, ದಿನಾ ಹೇಳುವ ಹಾಗೆಯೇ, ಬಾಯಿ ತೆಗಿ ಅಂದರು. ನಾನು ಹಿಟ್ಟಿನ ಕೈ ಎರಡನ್ನೂ ಹಾಗೆಯೇ ಎತ್ತಿ ಹಿಡಿದು, ಎಲ್ಲರೂ ನೋಡುತ್ತಿದ್ದಂತೆ ಬಾಯಿ ತೆರೆದೆ. ಗುಳಿಗೆ ಇಟ್ಟು ನೀರು ಕುಡಿಸಿ, ಸೆರಗಿನಿಂದ ನನ್ನ ಬಾಯಿ ಒರೆಸಿದರು. ಹಂಚಿನ ಮೇಲೆ ಐದನೆಯ ರೊಟ್ಟಿ ಕಾಯುತ್ತಿತ್ತು. ಅದನ್ನು ಹೊತ್ತಲು ಬಿಡದೆ ತಿರುವಿ ಹಾಕಿದೆ.